ಮನಿಯೊಳಗಿನ ಮಾತು, ಮಕ್ಕಳ ಮನಸು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ದಿನ ಠೇವಣಿ, ಸಾಲ, ವಸೂಲಿಯ ಲೆಕ್ಕವನ್ನು ಕಾರ್ಯದರ್ಶಿಗಳು ಓದಿದ್ದಾರೆ. ಯಾವ ಖಾತೆ ಪುಸ್ತಕದಲ್ಲೂ ಬರೆಯದ ಇನ್ನೊಂದು ಲೆಕ್ಕದ ಬಗ್ಗೆ ನಾವು ನಾಕು ಮಾತು ಆಡುತ್ತೇವೆ. ಅದು ನಮ್ಮ ಮಕ್ಕಳ ಮನಸ್ಸಿನ ಲೆಕ್ಕ.

ಸಿಟ್ಟು ಬಂದಾಗ ತಡೆದುಕೊಳ್ಳುವುದು, ಸೋತಾಗ ಎದ್ದು ನಿಲ್ಲುವುದು, ಎದುರಿನವರ ಸಂಕಟ ಅರಿಯುವುದು, ಇದಕ್ಕೆ 1990ರಲ್ಲಿ ಅಮೆರಿಕದ ಸಾಲೋವೆ ಮತ್ತು ಮೇಯರ್ ಎಂಬ ಮನಃಶಾಸ್ತ್ರಜ್ಞರು ‘ಭಾವನಾತ್ಮಕ ಬುದ್ಧಿವಂತಿಕೆ’ ಎಂದರು. 1995ರ ಡೇನಿಯಲ್ ಗೋಲ್‌ಮನ್ನರ ಪುಸ್ತಕದಿಂದ ಆ ಮಾತು ಮನೆಮಾತಾಯಿತು. ನಮ್ಮ ಹಿರಿಯರು ಇದಕ್ಕೇ ‘ತಿಳುವಳಿಕಿ’ ಅಂತಿದ್ದರು. ‘ಸಾಲಿ ಕಲ್ತಾನ, ತಿಳುವಳಿಕಿ ಇಲ್ಲ’ ಎಂಬ ಮಾತು ಯಾರ ಮನೆಯಲ್ಲಿ ಕೇಳಿಲ್ಲ?

ನಮ್ಮ ಮನೆಯ ಮಾತನ್ನೇ ಹೇಳುತ್ತೇವೆ. ಮಗ ಪಿ.ಯು.ಸಿ.ಯಲ್ಲಿ ನಪಾಸಾದ. ‘ನಾಕು ಮಂದ್ಯಾಗ ನಮ್ಮ ಮಾರಿ ಕೆಡಿಸಿದಿ’ ಎಂದು ಬೈದೆವು. ಎರಡು ದಿನ ಅಂವ ಉಣ್ಣಲಿಲ್ಲ, ಮಾತಾಡಲಿಲ್ಲ. ಮೂರನೇ ದಿನ ನಮ್ಮವ್ವ ಅವನನ್ನು ಒಲಿ ಮುಂದ ಕೂಡಿಸಿಕೊಂಡು, ಬಿಸಿ ರೊಟ್ಟಿ ಹಾಕುತ್ತ, ‘ನಿಮ್ಮಪ್ಪನೂ ಮೆಟ್ರಿಕ್ಕಿನ್ಯಾಗ ಒಮ್ಮೆ ಫೇಲಾಗಿದ್ದ, ಕೇಳು ಅವನ್ನ’ ಅಂದಳು. ಮಗ ನಮ್ಮ ಕಡೆ ನೋಡಿದ. ನಾವು ತಲೆ ತಗ್ಗಿಸಿ ‘ಹೌದಪಾ’ ಎಂದೆವು. ಆಮೇಲೆ ಅಂವ ಅತ್ತ. ನಾವೂ ಅತ್ತೆವು. ಅಂದಿನಿಂದ ಏನೇ ಆದರೂ ಮೊದಲು ನಮ್ಮ ಹತ್ತಿರ ಬಂದು ಹೇಳುತ್ತಾನೆ. ಅವ್ವ ಆ ದಿನ ಇರದಿದ್ದರೆ ಎಂದು ನೆನೆದರೆ ಇಂದಿಗೂ ಎದೆ ಝಲ್ ಎನ್ನುತ್ತದೆ.

ಧಾರವಾಡದ ಹತ್ತಿರದ ಲೋಕೂರಿನಲ್ಲಿ ನೂರಕ್ಕೂ ಹೆಚ್ಚು ಮಂದಿ ಕೂಡಿ ಬಾಳಿದ ಅವಿಭಕ್ತ ಕುಟುಂಬ ಹೆಸರಾದದ್ದು ನಿಮಗೆ ಗೊತ್ತು. ಅಂಥ ಮನೆಯಲ್ಲಿ ಅಪ್ಪ ಬೈದರೆ ಓಡಿಹೋಗಲು ಅಜ್ಜಿಯ ಮಡಿಲಿರುತ್ತದೆ, ಕಾಕಾನ ಹೆಗಲಿರುತ್ತದೆ. ಆದರೆ ಕೂಡಿದ ಮನೆಯೆಲ್ಲ ಸ್ವರ್ಗವೇನಲ್ಲ. ಸೊಸೆಯರು ಬಾಯಿ ತೆರೆಯದ ಮನೆಗಳನ್ನೂ ಕಂಡಿದ್ದೇವೆ. ಮಂದಿ ಎಷ್ಟು ಎಂಬುದಕ್ಕಿಂತ, ಮಾತು ಕೇಳುವ ಕಿವಿ ಇದೆಯೇ ಎಂಬುದು ಮುಖ್ಯ.

ಇಂದು ನಮ್ಮ ಅಮರಗೋಳದ ಒಂದು ಕಡೆ ನವನಗರ, ಇನ್ನೊಂದು ಕಡೆ ಎ.ಪಿ.ಎಂ.ಸಿ. ಪೇಟೆ. ಶಹರ ಮನೆ ಬಾಗಿಲಿಗೆ ಬಂದಿದೆ. ಹೊಲ ಪಾಲಾದವು, ಮನೆ ಪಾಲಾದವು, ಅಜ್ಜಿ ಒಂದು ಮನೆ, ಮೊಮ್ಮಗ ಒಂದು ಮನೆ. ಆ ಒಂದು ಮನೆಯಲ್ಲೂ ಎಲ್ಲರ ಕೈಯಲ್ಲಿ ಮೊಬೈಲು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಸುಳ್ಳಲ್ಲ. ಜಗಳ ಎಲ್ಲರ ಮನೆಯಲ್ಲೂ ಇದೆ. ಆದರೆ ಜಗಳವಾದ ಮೇಲೆ ರಾಜಿಯಾಗುವುದನ್ನೂ ಮಕ್ಕಳು ನೋಡಬೇಕು. ರಾಜಿ ಕಲಿಯುವುದು ಅಲ್ಲೇ.

ಆದ್ದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ: ದಿನಕ್ಕೊಂದು ಊಟ ಮೊಬೈಲಿಲ್ಲದೆ ಕೂಡಿ ಮಾಡಿರಿ. ಪೂರ್ತಿ ಕೇಳಿದ ಮೇಲೆ ಬುದ್ಧಿ ಹೇಳಿರಿ. ‘ಗಂಡಸಾಗಿ ಅಳ್ತೀಯೇನೋ’ ಎನ್ನಬೇಡಿರಿ. ತಪ್ಪು ನಮ್ಮದಾದರೆ ಮಕ್ಕಳ ಮುಂದೆಯೇ ಒಪ್ಪಿಕೊಳ್ಳೋಣ. ಹುಡುಗ ವಾರಗಟ್ಟಲೆ ಮಂಕಾಗಿ ಕೂತರೆ ಸರಕಾರದ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿರಿ. ಅದಕ್ಕೆ ದುಡ್ಡಿಲ್ಲ, ನಾಚಿಕೆಯೂ ಬೇಡ.

1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ಒಬ್ಬರಿಗೊಬ್ಬರು ಆಗುವ ನಂಬಿಕೆಯ ಮೇಲೆ. ಸಾಲಕ್ಕೆ ಜಾಮೀನು ನಿಲ್ಲುವ ನಾವು, ನಮ್ಮ ಮಕ್ಕಳ ಕಷ್ಟಕ್ಕೆ ಜಾಮೀನು ನಿಲ್ಲದಿದ್ದರೆ ಹೇಗೆ? ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎಂಬ ಮಾತು ಮೊದಲು ಪಡಸಾಲೆಯಲ್ಲಿ ನಡೆಯಲಿ, ಆಮೇಲೆ ಸಂಘದಲ್ಲಿ ತಾನಾಗಿಯೇ ನಡೆಯುತ್ತದೆ.

ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ. ಜೈ ಸಹಕಾರ.