ಅವಳಿ ಸರೋವರದ ಬಡಗಿ

ಹಿಡಿಯಿಲ್ಲದ ಉಳಿ ಬೈರಿಗೆಗಳನ್ನು ಗಂಟುಕಟ್ಟಿಕೊಂಡು ಮನೆ ಕಟ್ಟಲು ಹೊರಟ ಬಡಗಿಯನ್ನು ಕಂಡರೆ ನೀವು ನಗುತ್ತೀರೋ ಏನೋ. 1968ರ ಮೇ 21ರಂದು ಅಲಾಸ್ಕದ ಟ್ವಿನ್ ಲೇಕ್ಸ್ ಎಂಬ ಅವಳಿ ಸರೋವರಗಳ ದಡಕ್ಕೆ ಬಂದಿಳಿದ ಡಿಕ್ ಪ್ರೆನೆಕಿಯ ಸಾಮಾನಿನಲ್ಲಿ ಅಂಥ ಕೆಲವು ಹತ್ಯಾರಗಳಿದ್ದುವು. ಅಲಗನ್ನು ತಂದರೆ ಸಾಕು, ಹಿಡಿಗೆ ಬೇಕಾದ ಮರ ಅಲ್ಲೇ ಬೆಳೆದು ನಿಂತಿದೆಯಲ್ಲ ಎಂಬುದು ಆತನ ಲೆಕ್ಕ. ಆಗ ಆತನಿಗೆ 52 ವರ್ಷ. ಹೆಂಡತಿ ಮಕ್ಕಳಿಲ್ಲ. ಅಲ್ಲಿಗೆ ರಸ್ತೆಯೂ ಇಲ್ಲ. ಬರುವುದಾದರೆ ನೀರಿನ ಮೇಲೆ ಇಳಿಯಬಲ್ಲ ಪುಟ್ಟ ವಿಮಾನದಲ್ಲೇ ಬರಬೇಕು.

ಪ್ರೆನೆಕಿ ಹುಟ್ಟಿದ್ದು 1916ರಲ್ಲಿ, ಅಮೆರಿಕದ ಅಯೋವಾ ಸೀಮೆಯ ಪ್ರಿಮ್‌ರೋಸ್ ಎಂಬ ಹಳ್ಳಿಯಲ್ಲಿ. ಶಾಲೆಯನ್ನು ಅರ್ಧಕ್ಕೇ ಬಿಟ್ಟು ಹೊಲದ ಕೆಲಸಕ್ಕೆ ನಿಂತವನು. 1941ರ ಡಿಸೆಂಬರ್ 7ರಂದು ಜಪಾನೀಯರು ಪರ್ಲ್ ಹಾರ್ಬರಿನ ಮೇಲೆ ಬಾಂಬು ಸುರಿಸಿದ ಮರುದಿನವೇ ನೌಕಾದಳ ಸೇರಿದ. ಅಲ್ಲಿ ಆತನಿಗೆ ಸಿಕ್ಕಿದ್ದು ಬಂದೂಕಲ್ಲ, ಬಡಗಿಯ ಕೆಲಸ. ಸುಮಾರು ಎರಡು ವರ್ಷ ಅದೇ ಪರ್ಲ್ ಹಾರ್ಬರಿನಲ್ಲಿ ಮರಗೆಲಸ ಮಾಡಿದ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುಂದಿನ ಹಡಗಿಗಾಗಿ ಕಾದಿದ್ದಾಗ ಬೆಟ್ಟ ಹತ್ತಿ ಬಂದವನಿಗೆ ಕೀಲುಗಳನ್ನೂ ಹೃದಯವನ್ನೂ ಹಿಡಿಯುವ ರುಮ್ಯಾಟಿಕ್ ಜ್ವರ ಬಂತು. ಆರು ತಿಂಗಳು ಆಸ್ಪತ್ರೆಯ ಮಂಚ. ಎದ್ದು ಓಡಾಡುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. 1945ರಲ್ಲಿ ದಳದಿಂದ ಬಿಡುಗಡೆ ಸಿಕ್ಕಿತು.

ಆ ಆರು ತಿಂಗಳೇ ಆತನ ಉಳಿದ ಬಾಳನ್ನು ತಿದ್ದಿತೆಂದು ಆತನ ಗೆಳೆಯ ಸ್ಯಾಮ್ ಕೀತ್ ಬರೆದಿದ್ದಾನೆ. ಕೈಕಾಲು ಗಟ್ಟಿಯಾಗಿರುವುದು ತಾನಾಗಿ ಬರುವ ಭಾಗ್ಯವಲ್ಲ, ದುಡಿದು ಉಳಿಸಿಕೊಳ್ಳಬೇಕಾದ ಆಸ್ತಿ ಎಂದು ಮಲಗಿದಲ್ಲೇ ತಿಳಿಯಿತೆಂದು ಕಾಣುತ್ತದೆ. ಮುಂದೆ ಡೀಸೆಲ್ ಎಂಜಿನ್ನು ರಿಪೇರಿಯ ಕೆಲಸ ಕಲಿತು ಅಲಾಸ್ಕಕ್ಕೆ ಹೋದ. ಕೋಡಿಯಾಕಿನ ನೌಕಾನೆಲೆಯಲ್ಲಿ ದುಡಿದ, ಸಾಲ್ಮನ್ ಮೀನು ಹಿಡಿದ. ಒಂದು ಸಲ ಬೆಸುಗೆ ಹಾಕುವಾಗ ಅಪಘಾತವಾಗಿ ಕಣ್ಣೇ ಹೋಗುವುದರಲ್ಲಿತ್ತು. ಉಳಿದ ಕಣ್ಣಿನಿಂದ ನೋಡಬೇಕಾದ್ದನ್ನು ನೋಡಿಬಿಡಬೇಕೆಂದು ಹೊರಟವನನ್ನು ಯಾರು ತಪ್ಪೆನ್ನುತ್ತಾರೆ?

ಈಗ ಆ ಮನೆಯ ಮಾತು. ಹಿಂದಿನ ವರ್ಷವೇ ಸ್ಪ್ರೂಸ್ ಮರಗಳನ್ನು ಕಡಿದು, ತೊಗಟೆ ಸುಲಿದು ಒಟ್ಟಿಟ್ಟಿದ್ದ. ನೌಕಾದಳದಿಂದ ನಿವೃತ್ತನಾದ ಸ್ನೇಹಿತನೊಬ್ಬನ ಗುಡಿಸಲು ಹತ್ತಿರವಿತ್ತು. ತನ್ನದು ಏಳುವವರೆಗೆ ಅಲ್ಲಿ ವಾಸ. ದಿಮ್ಮಿಯ ತುದಿಗಳಲ್ಲಿ ಕಚ್ಚು ಕೊರೆದು ಒಂದರ ಮೇಲೊಂದನ್ನು ಕೂರಿಸುತ್ತ, ಸುಮಾರು 11 ಅಡಿಗೆ 15 ಅಡಿಯ ಒಂದೇ ಕೋಣೆ ಎಬ್ಬಿಸಿದ. ಯಂತ್ರದ ಗರಗಸವಿಲ್ಲ. ಮಾಡಿನ ಮೇಲೆ ಹಾವಸೆಯ ಹೊದಿಕೆ, ಒಳಗೆ ಕಲ್ಲಿನ ಅಗ್ಗಿಷ್ಟಿಕೆ. ಬಾಗಿಲ ಕೀಲೂ ಮರದ್ದೇ, ಅಗುಳಿಯೂ ಮರದ್ದೇ. ಖಾಲಿ ಎಣ್ಣೆಡಬ್ಬಗಳನ್ನು ಕತ್ತರಿಸಿ ಪಾತ್ರೆ ಮಾಡಿಕೊಂಡ. ಮರದ ತುಂಡಿನಿಂದ ಸೌಟು ಕೆತ್ತಿದ. ತಿನ್ನುವ ಪದಾರ್ಥ ಕರಡಿಯ ಪಾಲಾಗದಿರಲೆಂದು ಕಂಬಗಳ ಮೇಲೆ ಎತ್ತರದಲ್ಲಿ ಒಂದು ಉಗ್ರಾಣ. ಚಳಿಗಾಲದಲ್ಲಿ ಫ್ಯಾರನ್‌ಹೀಟಿನ ಸೊನ್ನೆಯಿಂದ ಕೆಳಗೆ 40 ಡಿಗ್ರಿಯನ್ನೂ ದಾಟುವ ಚಳಿ ಅದು.

ಇಷ್ಟನ್ನೂ ಆತ ಮೂರುಕಾಲಿನ ಮೇಲೆ ಕ್ಯಾಮರಾ ನಿಲ್ಲಿಸಿ ತಾನೇ ಚಿತ್ರ ತೆಗೆದುಕೊಂಡ. ಸ್ವಲ್ಪ ಯೋಚಿಸಿ ನೋಡಿ: ಹಿಮದ ಬಯಲಿನಲ್ಲಿ ಒಬ್ಬನೇ ನಡೆದು ದೂರವಾಗುತ್ತಿರುವ ಮನುಷ್ಯನನ್ನು ನೀವು ತೆರೆಯ ಮೇಲೆ ನೋಡುತ್ತೀರಿ, ಆದರೆ ಆತ ಅಷ್ಟು ದೂರವೂ ಹಿಂದಕ್ಕೆ ನಡೆದು ಬಂದು ಕ್ಯಾಮರಾ ನಿಲ್ಲಿಸಬೇಕಾಗಿತ್ತು! ಏಕಾಂತವನ್ನು ತೋರಿಸಲು ಇಷ್ಟು ಕಷ್ಟಪಟ್ಟವನು ಮನುಷ್ಯರನ್ನು ಮರೆತಿರಲಾರ. ಆತನಿಗೆ ಸನ್ಯಾಸಿಯೆಂಬ ಪಟ್ಟ ಕಟ್ಟುವವರೊಡನೆ ನನ್ನ ತಕರಾರು ಇದೇ. ಬೇಬ್ ಆಲ್ಸ್‌ವರ್ತ್ ಎಂಬ ವಿಮಾನಿಕ ದಿನಸಿಯನ್ನೂ ಕಾಗದಪತ್ರಗಳನ್ನೂ ತಂದುಕೊಡುತ್ತಿದ್ದ. ಆ ವಿಮಾನದ ಸದ್ದಿಗೆ ಈತ ಕಿವಿಗೊಟ್ಟು ಕಾಯುತ್ತಿದ್ದ. 1969ರಲ್ಲಿ ವಯಸ್ಸಾದ ತಂದೆಯನ್ನು ನೋಡಲು ಊರಿಗೆ ಹೋಗಿ, ಮತ್ತೆ ಮರಳಿದ. 1973ರಲ್ಲಿ ಹೊರಬಂದ ‘ಒನ್ ಮ್ಯಾನ್ಸ್ ವೈಲ್ಡರ್ನೆಸ್’, ಹೆಸರಿಗೆ ಒಬ್ಬನ ಕಾಡು. ಆದರೆ ಈತನ ದಿನಚರಿಯಿಂದ ಅದನ್ನು ಹೆಣೆದವನು ಆ ಗೆಳೆಯ ಕೀತ್.

ಬೇಟೆಯ ವಿಷಯದಲ್ಲೂ ಹಾಗೆಯೇ. ಮೊದಲ ಶರತ್ಕಾಲದಲ್ಲಿ ಚಳಿಗಾಲದ ಊಟಕ್ಕೆಂದು ಒಂದು ಕಾಡುಟಗರನ್ನು ಹೊಡೆದದ್ದುಂಟು. ಆದರೆ ಕೋಡಿನ ಆಸೆಗೆ ಬಂದು ಮಾಂಸವನ್ನು ಕೊಳೆಯಲು ಬಿಟ್ಟು ಹೋಗುವವರನ್ನು ಕಂಡರೆ ಆತನಿಗೆ ಆಗುತ್ತಿರಲಿಲ್ಲ. ಅವರು ಬಿಸಾಡಿದ ಕಸವನ್ನು ತಾನು ಹೆಕ್ಕುತ್ತಿದ್ದ. 1980ರಲ್ಲಿ ಆ ಪ್ರದೇಶವೆಲ್ಲ ಲೇಕ್ ಕ್ಲಾರ್ಕ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು.

ಮೂವತ್ತು ವರ್ಷಗಳಲ್ಲಿ ಬಹುಪಾಲು ಅಲ್ಲಿಯೇ ಕಳೆದುವು. ಜ್ವರಕ್ಕೆ ಹೆದರಿ ಕಾಪಾಡಿಕೊಂಡ ಮೈ ಅಷ್ಟು ಕಾಲ ನಡೆಯಿತು. ಕೊನೆಗೆ 82ನೆಯ ವಯಸ್ಸಿನಲ್ಲಿ ಚಳಿಗಾಲದ ಸೌದೆ ನೀರು ತನ್ನಿಂದಾಗದೆಂದು ಒಪ್ಪಿ, ಕ್ಯಾಲಿಫೋರ್ನಿಯದ ಹೆಮೆಟ್ ಊರಿನಲ್ಲಿದ್ದ ತಮ್ಮನ ಮನೆ ಸೇರಿದ. 2003ರ ಏಪ್ರಿಲ್ 20ರಂದು, 87 ತುಂಬಲು ಎರಡು ವಾರವಿರುವಾಗ, ತೀರಿಕೊಂಡ.

ಸರೋವರದ ದಡದ ಮನೆ 2007ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಬೇಸಿಗೆಯಲ್ಲಿ ಈಗಲೂ ವಿಮಾನ ನೀರಿನ ಮೇಲೆ ಇಳಿಯುತ್ತದೆ. ಬಂದವರು ದಡದಿಂದ ನಾಲ್ಕು ಹೆಜ್ಜೆ ನಡೆದು, ಮರದ ಕೀಲಿನ ಆ ಬಾಗಿಲ ಮುಂದೆ ನಿಂತು ಒಳಗೆ ಇಣುಕುತ್ತಾರೆ.