ಸಾಹೇಬನ ಕೊಲೆಗೆ ಚಪ್ಪಾಳೆ ಯಾಕೆ?

(ಹಂಸಭಾವಿಯಲ್ಲಿ ನೆರೆದ ತರುಣರ ಸಭೆಯಲ್ಲಿ ಮಾಡಿದ ಭಾಷಣ)



ಪಕ್ಷದ ಕೆಲಸದ ಮೇಲೆ ಈ ತಾಲೂಕಿನ ಹಳ್ಳಿಗಳನ್ನು ಸುತ್ತುವಾಗ ಚಹಾದಂಗಡಿಗಳಲ್ಲಿ ಒಂದು ಮಾತು ನನ್ನ ಕಿವಿಗೆ ಮತ್ತೆ ಮತ್ತೆ ಬಿದ್ದಿದೆ. ನಮ್ಮ ಹುಡುಗರು ಫೋನು ತೆರೆದು ಅಮೇರಿಕೆಯ ಒಬ್ಬ ಕೊಲೆ ಆರೋಪಿಯ ಚಿತ್ರ ತೋರಿಸುತ್ತಾರೆ. "ಇಂಥಾವ ನಮ್ಮ ಕಡೆ ಒಬ್ಬ ಹುಟ್ಟಬೇಕು ನೋಡ್ರಿ ಮಾಸ್ತರ, ಎಲ್ಲಾರೂ ಸರಿ ಹೋಗತಾರ" ಎನ್ನುತ್ತಾರೆ. ಹೇಳುವವರು ಪುಂಡರಲ್ಲ. ಮುಂಜಾನೆ ಹಾಲು ಹಾಕಿ, ಹೊಲಕ್ಕೆ ಹೋಗಿ, ಸಂಜೆ ತಾಯಿಗೆ ಔಷಧ ತರುವ ಹುಡುಗರು. ಆದ್ದರಿಂದಲೇ ಈ ಮಾತನ್ನು ನಕ್ಕು ಬಿಡಲಿಕ್ಕೆ ಬರುವದಿಲ್ಲ.

ಆ ಪ್ರಕರಣವೇನೆಂದು ತಿಳಿಯದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. 2024ನೆಯ ಇಸವಿಯ ಡಿಸೆಂಬರ್ 4ರಂದು ಬೆಳಿಗ್ಗೆ ನ್ಯೂಯಾರ್ಕ್ ಶಹರದ ಒಂದು ಹೊಟೇಲಿನ ಮುಂದೆ ಬ್ರಯಾನ್ ಥಾಂಪ್ಸನ್ ಎಂಬವನನ್ನು ಹಿಂದಿನಿಂದ ಗುಂಡಿಟ್ಟು ಕೊಂದರು. ಆತನು ಯುನೈಟೆಡ್‌ಹೆಲ್ತ್‌ಕೇರ್ ಎಂಬ ಆರೋಗ್ಯ ವಿಮಾ ಕಂಪನಿಯ ಮುಖ್ಯಾಧಿಕಾರಿ. ಸುಮಾರು 5 ಕೋಟಿ ಜನ ಆ ಕಂಪನಿಯ ವಿಮೆಯನ್ನು ನೆಚ್ಚಿದವರು. ಅಲ್ಲಿ ಸಿಕ್ಕ ತೋಟಾಗಳ ಮೇಲೆ "ತಡ ಮಾಡು", "ಇಲ್ಲವೆನ್ನು" ಎಂಬ ಅರ್ಥದ ಶಬ್ದಗಳಿದ್ದವು. ವಿಮೆಯ ಕಂತು ಕಟ್ಟಿಸಿಕೊಂಡು, ರೋಗಿ ಹಣ ಕೇಳಿದಾಗ ತಡ ಮಾಡುವದು, ಆಮೇಲೆ ಇಲ್ಲವೆನ್ನುವದು ಆ ದೇಶದ ಜನರೆಲ್ಲ ಕಂಡುಂಡ ಸಂಗತಿ. ಲುಯಿಜಿ ಮಾಂಜಿಯೋನಿ ಎಂಬ 26 ವರ್ಷದ ತರುಣನನ್ನು ಐದು ದಿನಗಳಲ್ಲಿ ಹಿಡಿದರು. ತಾನು ತಪ್ಪಿತಸ್ಥನಲ್ಲವೆಂದು ಅವನು ಕೋರ್ಟಿನಲ್ಲಿ ಹೇಳಿದ್ದಾನೆ.

ಸೋಜಿಗದ ಭಾಗವು ಇನ್ನು ಮುಂದೆ ಇದೆ. ಕಂಪನಿಯು ಫೇಸ್‌ಬುಕ್ಕಿನಲ್ಲಿ ಶೋಕ ಪ್ರಕಟಿಸಿದಾಗ ಹತ್ತಾರು ಸಾವಿರ ಜನ ಅದಕ್ಕೆ ನಗುವ ಮುಖದ ಗುರುತು ಒತ್ತಿದರು. ಎಮರ್ಸನ್ ಕಾಲೇಜಿನವರು ಅದೇ ತಿಂಗಳು ಮತದಾರರನ್ನು ಕೇಳಿದಾಗ, ನೂರಕ್ಕೆ 68 ಜನ ಈ ಕೃತ್ಯ ಒಪ್ಪತಕ್ಕದ್ದಲ್ಲವೆಂದರು. ಆದರೆ 30 ವರ್ಷದೊಳಗಿನವರಲ್ಲಿ ನೂರಕ್ಕೆ 41 ಜನ ಒಪ್ಪಬಹುದೆಂದರು. ಆರೋಪಿಯ ವಕೀಲಿ ಖರ್ಚಿಗೆ ಜನರು ಕೂಡಿಸಿದ ಹಣ 2025ರಲ್ಲಿ ಹತ್ತು ಲಕ್ಷ ಡಾಲರು ದಾಟಿತು.

ಅಮೇರಿಕೆಯ ಜನರೆಲ್ಲ ಕಟುಕರಾದರೆಂದು ಪತ್ರಿಕೆಗಳ ಪಂಡಿತರು ಬರೆದರು. ನಾನು ಹಾಗೆ ಹೇಳಲಾರೆ. ಮಗುವಿನ ಚಿಕಿತ್ಸೆಗೆ ಹಣ ಕೇಳಿ ಆರು ತಿಂಗಳು ಫೋನಿನಲ್ಲಿ ಯಂತ್ರದ ಧ್ವನಿ ಕೇಳಿಸಿಕೊಂಡ ತಂದೆಗೆ ಆ ಕಂಪನಿಯಲ್ಲಿ ಒಂದು ಮನುಷ್ಯನ ಮುಖ ಕಂಡದ್ದು ಈ ಕೊಲೆಯ ದಿನವೇ. ಸಿಟ್ಟಿಗೆ ಮುಖ ಬೇಕಾಗುತ್ತದೆ. ಅದು ಸಿಕ್ಕ ದಿನ ಅವನು ನಕ್ಕ. ನಗು ಕೆಟ್ಟದ್ದು, ಆದರೆ ಅದರ ಹಿಂದಿನ ದುಃಖ ಸುಳ್ಳಲ್ಲ.

ಆದರೆ ಆ ಗುಂಡಿನಿಂದ ಆದದ್ದೇನು? ಮುಖ್ಯಾಧಿಕಾರಿ ಎಂದರೆ ಮಾಲಕನಲ್ಲ. ವರ್ಷಕ್ಕೆ ಒಂದು ಕೋಟಿ ಡಾಲರಿನಷ್ಟು ಪಡೆಯುತ್ತಿದ್ದರೂ ಅವನು ಪಗಾರದವನೇ. 2025ರ ಜನವರಿ ಮುಗಿಯುವದರೊಳಗೆ ಕಂಪನಿಯು ಆ ಕುರ್ಚಿಗೆ ಇನ್ನೊಬ್ಬನನ್ನು ನೇಮಿಸಿತು. ಹಳೆಯ ಊಳಿಗಮಾನ್ಯದಲ್ಲಿ ದೇಸಾಯಿ ಸತ್ತರೆ ವಾಡೆಯಲ್ಲಿ ಗೊಂದಲವಾದರೂ ಆಗುತ್ತಿತ್ತು. ಕಂಪನಿಗೆ ಆ ಕಾಟವೂ ಇಲ್ಲ. ಅದಕ್ಕೆ ಹೆಂಡಿರು ಮಕ್ಕಳಿಲ್ಲ, ಸೂತಕವಿಲ್ಲ.

ಇನ್ನು ಫೋನಿನ ಮಾತು. ನಗುವ ಮುಖ ಒತ್ತಿದವರು ಬಂಡಾಯ ಹೂಡಿದೆವೆಂದು ತಿಳಿದರು. ಆ ಗುರುತು ಒತ್ತಿದ ಜಾಗವು ಯಾರದು? ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ, ವಾಟ್ಸಾಪು ಮೂರರ ಒಡೆತನವೂ ಮೆಟಾ ಎಂಬ ಒಂದೇ ಕಂಪನಿಯದು. 2024ರಲ್ಲಿ ಅದರ ಆದಾಯ 16,450 ಕೋಟಿ ಡಾಲರು. ಬಹುತೇಕ ಎಲ್ಲವೂ ಜಾಹೀರಾತಿನದು. ನೀವು ಹೆಚ್ಚು ಹೊತ್ತು ನೋಡಿದರೆ ಅವರಿಗೆ ಹೆಚ್ಚು ಲಾಭ, ನೀವು ಅಳುತ್ತ ನೋಡಿದರೂ ಅಷ್ಟೇ, ಹಲ್ಲು ಕಡಿಯುತ್ತ ನೋಡಿದರೂ ಅಷ್ಟೇ. ಒಬ್ಬ ಸೇಠಜಿಯನ್ನು ಬೈಯಲಿಕ್ಕೆ ಇನ್ನೊಬ್ಬ ಸೇಠಜಿಯ ಕಟ್ಟೆಗೆ ಹೋಗಿ, ಕಟ್ಟೆಯ ಬಾಡಿಗೆ ಕೊಟ್ಟು ಬಂದ ಹಾಗಾಯಿತು. ನಾನು ಸಾಲಿ ಮಾಸ್ತರಕಿ ಮಾಡಿದವನು. ತರಗತಿಯಲ್ಲಿ ಇಬ್ಬರು ಜಗಳಾಡುವಾಗ ಹಿಂದಿನ ಬೆಂಚಿನ ನಲವತ್ತು ಹುಡುಗರು "ಹಾಕು, ಹಾಕು" ಎನ್ನುವದನ್ನು ಕಂಡಿದ್ದೇನೆ. ಹೆಡ್ ಮಾಸ್ತರರು ಬಂದಾಗ ಬೆತ್ತದ ಏಟು ತಿನ್ನುವವರು ಇಬ್ಬರೇ.

ಈ ಫೋನು ನಮ್ಮ ರಾಜ್ಯದಲ್ಲಿ ಏನು ಮಾಡಿತೆಂಬದಕ್ಕೂ ಒಂದು ಉದಾಹರಣೆಯುಂಟು. 2023ರ ಜುಲೈ 11ರಂದು ಬೆಂಗಳೂರಿನ ಅಮೃತಹಳ್ಳಿಯಲ್ಲಿ ಏರೋನಿಕ್ಸ್ ಮೀಡಿಯಾ ಎಂಬ ಇಂಟರ್ನೆಟ್ ಕಂಪನಿಯ ವ್ಯವಸ್ಥಾಪಕ ನಿರ್ದೇಶಕನನ್ನೂ ಮುಖ್ಯಾಧಿಕಾರಿಯನ್ನೂ ಕಚೇರಿಗೆ ನುಗ್ಗಿ ಹಾಡುಹಗಲೇ ಕೊಂದರು. ಮುಖ್ಯ ಆರೋಪಿ ಅದೇ ಕಂಪನಿಯ ಹಳೆಯ ನೌಕರ, ಇನ್‌ಸ್ಟಾಗ್ರಾಂನಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ಮೆರೆಯುತ್ತಿದ್ದವನು. ತಾನು ಕೆಟ್ಟವರನ್ನಷ್ಟೇ ನೋಯಿಸುವವನೆಂದು ಮೊದಲೇ ಬರೆದುಕೊಂಡಿದ್ದನೆಂದೂ, ಕೊಲೆಯ ಸುದ್ದಿ ಬಂದೊಡನೆ ಆ ಸುದ್ದಿಯನ್ನೇ ತನ್ನ ಖಾತೆಯಲ್ಲಿ ಅಂಟಿಸಿದನೆಂದೂ ಪತ್ರಿಕೆಗಳಲ್ಲಿ ಬಂತು. ನೌಕರನು ಸಾಹೇಬರನ್ನು ಕೊಂದನೆಂದ ಕೂಡಲೆ, ಪಾಪ ಏನು ಅನ್ಯಾಯವಾಗಿತ್ತೋ ಎನ್ನುವ ಮನಸ್ಸು ನಮ್ಮದು. ಪೊಲೀಸರು ಹೇಳಿದ್ದೇನು? ವ್ಯಾಪಾರದ ಪೈಪೋಟಿ! ಎದುರಾಳಿ ಕಂಪನಿಯ ಮಾಲಕನನ್ನೂ ಆಗ ಹಿಡಿದರು. ಅಂದರೆ ಆರೋಪದ ಪ್ರಕಾರ ಇದು ಸೇಠರ ಸೇಠರ ಜಗಳ. ಅದಕ್ಕೆ ಬಡವನ ಸೇಡಿನ ಬಣ್ಣ ಕಟ್ಟಲಿಕ್ಕೆ ಒಂದು ಫೋನು ಸಾಕು.

ನಿಜವಾದ ಕಾರ್ಮಿಕ ಹೋರಾಟದಲ್ಲಿ ರಕ್ತ ಬಿದ್ದಾಗ ಏನಾಯಿತೆಂಬದನ್ನೂ ನೋಡೋಣ. 2008ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯಿಡಾದ ಗ್ರಾಜಿಯಾನೋ ಕಾರಖಾನೆಯ ಮುಖ್ಯಾಧಿಕಾರಿಯನ್ನು, ಕೆಲಸದಿಂದ ತೆಗೆದುಹಾಕಿದ್ದ ಕಾರ್ಮಿಕರ ಗಲಭೆಯಲ್ಲಿ ಕೊಂದರು. ಆಗ ಕೇಂದ್ರದ ಕಾರ್ಮಿಕ ಮಂತ್ರಿಗಳಾಗಿದ್ದವರು ನಮ್ಮ ಉಡುಪಿಯ ಆಸ್ಕರ್ ಫರ್ನಾಂಡಿಸರು. ಇದು ಆಡಳಿತ ವರ್ಗದವರಿಗೆ ಎಚ್ಚರಿಕೆಯಾಗಲಿ ಎಂಬರ್ಥದ ಮಾತು ಅವರ ಬಾಯಿಂದ ಬಂತು. ಉದ್ಯಮಿಗಳೆಲ್ಲ ಮೈಮೇಲೆ ಬಿದ್ದರು, ಮಂತ್ರಿಗಳು ಕ್ಷಮೆ ಕೇಳಿದರು. ಕಾರ್ಮಿಕರನ್ನು ಯಾಕೆ ತೆಗೆದರು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮುಳುಗಿ ಹೋಯಿತು.

ಮಾನೇಸರದ ಕಥೆ ಇದಕ್ಕಿಂತ ದೊಡ್ಡದು. ಹರಿಯಾಣದ ಮಾರುತಿ ಸುಜುಕಿ ಕಾರಖಾನೆಯ ಕಾರ್ಮಿಕರು ಬಹಳ ಕಷ್ಟಪಟ್ಟು ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಗುತ್ತಿಗೆಯವರಿಗೂ ಕಾಯಂದವರಿಗೂ ಒಂದೇ ಕೆಲಸಕ್ಕೆ ಒಂದೇ ಪಗಾರ ಕೊಡಿರೆಂದು ಕೇಳುತ್ತಿದ್ದರು. ಎಂಥ ಬೇಡಿಕೆ ಅದು! ಕಾಯಂ ನೌಕರನು ಗುತ್ತಿಗೆಯವನಿಗಾಗಿ ಬಾಯಿ ತೆರೆಯುವದು ಈ ದೇಶದಲ್ಲಿ ಅಪರೂಪ. 2012ರ ಜುಲೈ 18ರಂದು ಗಲಭೆಯಾಗಿ ಬೆಂಕಿ ಬಿದ್ದು ಅವನೀಶ್ ಕುಮಾರ್ ದೇವ್ ಎಂಬ ಅಧಿಕಾರಿ ಸತ್ತರು. ಸಂಘದ ನೋಂದಣಿಗೆ ನೆರವಾದವರೇ ಇವರೆಂದು ಕಾರ್ಮಿಕರ ಕಡೆಯವರೇ ಹೇಳುತ್ತ ಬಂದಿದ್ದಾರೆ. ಆಮೇಲೆ ಕಂಪನಿಯು 546 ಕಾಯಂ ಕಾರ್ಮಿಕರನ್ನು ಹೊರಹಾಕಿತು, ಸುಮಾರು 1,800 ಗುತ್ತಿಗೆಯವರೂ ಹೋದರು. 2017ರ ಮಾರ್ಚಿನಲ್ಲಿ ತೀರ್ಪು ಬಂದಾಗ 117 ಜನ ನಿರ್ದೋಷಿಗಳೆಂದಾಯಿತು. ಅವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಸೆರೆಮನೆಯಲ್ಲಿ ಕಳೆದ ಮೇಲೆ! 13 ಜನರಿಗೆ ಜೀವಾವಧಿಯಾಯಿತು, ಅವರಲ್ಲಿ ಬಹುಮಂದಿ ಸಂಘದ ಪದಾಧಿಕಾರಿಗಳು. ಆ ಕೊಲೆಗೆ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬನಾದರೂ ಆ ಹದಿಮೂರು ಮನೆಗಳಿಗೆ ಜೋಳದ ಚೀಲ ಕಳಿಸಿದ್ದನೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಕಳೆದ ತಿಂಗಳು ಒಬ್ಬ ಐಟಿಐ ಹುಡುಗ ನನ್ನನ್ನು ಕೇಳಿಯೇ ಬಿಟ್ಟ. "ಮಾಸ್ತರ, ನರಸಾಪುರದಾಗ ಗಾಜು ಒಡದ ಮ್ಯಾಲೇ ಅಲ್ಲೇನ್ರಿ ಪಗಾರದ ಮಾತು ಬಂದಿದ್ದು?" ಪ್ರಶ್ನೆ ನ್ಯಾಯವಾದದ್ದು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಆಪಲ್ ಕಂಪನಿಯ ಫೋನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರಖಾನೆಯಲ್ಲಿ 2020ರ ಡಿಸೆಂಬರ್ 12ರಂದು ದೊಂಬಿಯಾಯಿತು. ಇಂಜಿನಿಯರಿಂಗ್ ಓದಿದವರಿಗೆ ತಿಂಗಳಿಗೆ 21 ಸಾವಿರ ಹೇಳಿ, 16 ಸಾವಿರಕ್ಕೆ ಇಳಿಸಿ, ಮುಂದೆ 12 ಸಾವಿರ ಕೊಟ್ಟರೆಂದು ಅವರು ದೂರಿದ್ದರು. ನಷ್ಟ 437 ಕೋಟಿ ಎಂದು ಮೊದಲು ಹೇಳಿದ ಕಂಪನಿಯೇ ಆಮೇಲೆ 52 ಕೋಟಿ ಮೀರದೆಂದಿತು. ಪಗಾರ ಸರಿಯಾಗಿ ಕೊಟ್ಟಿರಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು, ಒಬ್ಬ ಉಪಾಧ್ಯಕ್ಷನನ್ನು ತೆಗೆಯಿತು. ಇದೆಲ್ಲ ನಡೆದದ್ದು ದೊಂಬಿಯ ಮೇಲೆಯೇ. ಇದನ್ನು ಮುಚ್ಚಿಟ್ಟು ನಿಮಗೆ ಶಾಂತಿಪಾಠ ಹೇಳಿದರೆ ನನ್ನ ಮಾತನ್ನು ನೀವು ಯಾಕೆ ನಂಬಬೇಕು? ಆದರೆ ಎರಡು ಸಂಗತಿ ನೆನಪಿರಲಿ. ನೂರಾರು ಹುಡುಗರನ್ನು ಹಿಡಿದು ಒಳಗೆ ಹಾಕಿದರು. ಮತ್ತು ಅಲ್ಲಿ ಯಾರೂ ಸಾಯಲಿಲ್ಲ. ಸತ್ತಿದ್ದರೆ ಪಗಾರದ ಕಡತ ತೆರೆಯುತ್ತಿರಲಿಲ್ಲ, ಕೊಲೆಯ ಕಡತವೊಂದೇ ತೆರೆಯುತ್ತಿತ್ತು. ಬಾಗಿಲು ಬಡಿದಾಗ ತೆರೆಯುವ ಕಾರ್ಮಿಕ ಇಲಾಖೆಯಿದ್ದರೆ, ಮಾತಾಡಲಿಕ್ಕೆ ಒಂದು ಸಂಘವಿದ್ದರೆ ಗಾಜು ಒಡೆಯುವ ಪ್ರಸಂಗವಾದರೂ ಯಾಕೆ ಬರುತ್ತಿತ್ತು?

ದೂರದ ಊರುಗಳ ಮಾತಾಯಿತು. ನಮ್ಮ ಜಿಲ್ಲೆಗೆ ಬರೋಣ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಧಾರಣೆ ಕುಸಿದು ರೈತರು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದ್ದು ನಿಮಗೆಲ್ಲ ಗೊತ್ತು. ಧಾರಣೆ ಇಳಿಸಿದವರು ಆ ಹೊತ್ತಿಗೆ ಅಲ್ಲಿರಲಿಲ್ಲ. ಅಲ್ಲಿದ್ದವರು ಕಾರಕೂನರು, ಚಾಲಕರು. ನಾನು ಹೆದರುವದು ಇದಕ್ಕೆ. ಅಮೇರಿಕೆಯ ಮುಖ್ಯಾಧಿಕಾರಿ ನಮ್ಮ ಕೈಗೆ ಸಿಗುವವನಲ್ಲ. ಮೈಕ್ರೋ ಫೈನಾನ್ಸ್ ಕಂಪನಿಯ ಮುಖ್ಯಾಧಿಕಾರಿಯೂ ಹಂಸಭಾವಿಗೆ ಬರುವದಿಲ್ಲ. ಬರುವವನು ಮೋಟರ್ ಸೈಕಲ್ಲಿನ ಮೇಲೆ ಚೀಲ ಹಾಕಿಕೊಂಡ ವಸೂಲಿಯ ಹುಡುಗ. ಅವನು ಶಿಗ್ಗಾಂವಿಯ ಕಡೆಯ ಒಕ್ಕಲಿಗರ ಮಗನಿರಬಹುದು, ಹಾನಗಲ್ಲಿನ ಹಮಾಲನ ಮಗನಿರಬಹುದು. ಈ ತಿಂಗಳ ವಸೂಲಿ ಕಡಿಮೆಯಾದರೆ ಅವನ ಪಗಾರಕ್ಕೂ ಕತ್ತರಿ. ಅವನು ಆಡುವ ಮಾತು ಹೊಲಸು, ನಿಜ. ಹೆಣ್ಣುಮಕ್ಕಳ ಮನೆಯ ಮುಂದೆ ರಾತ್ರಿಯ ತನಕ ಕುಳಿತು ಮಾನ ಕಳೆಯುವದನ್ನು ನಾನೇ ಕಂಡಿದ್ದೇನೆ. ಆದರೆ "ಇಂಥಾವ ಒಬ್ಬ ಹುಟ್ಟಬೇಕು" ಎಂದು ನೀವು ಫೋನು ಹಿಡಿದು ಹೇಳುವಾಗ, ಹುಟ್ಟಿದವನ ಕುಡಗೋಲು ಬೀಳುವದು ಆ ಹುಡುಗನ ಮೇಲೆಯೇ ಹೊರತು ಮುಂಬಯಿಯ ಕಚೇರಿಯ ಮೇಲಲ್ಲ.

ನಮ್ಮ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು 2025ರ ಜನವರಿಯಲ್ಲಿ ಏನು ಮಾಡಿದರು? ಸಾಲದ ಕಾಟ ತಾಳಲಾರದೆ ತಮ್ಮ ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗಳಿಗೆ ಕಳಿಸಿದರು. ಯಾರ ಕೂದಲೂ ಕೊಂಕಲಿಲ್ಲ. ರಾಜ್ಯವೆಲ್ಲ ಎದ್ದು ಕುಳಿತಿತು. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಮುಂದೆ ಕಾಯಿದೆಯೂ ಆಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಕಾಯಿದೆಯಿಂದ ಸಾಲ ತೀರುವದಿಲ್ಲ, ಫೌಜದಾರರು ದೂರು ಬರೆದುಕೊಳ್ಳದಿದ್ದರೆ ಕಾಯಿದೆ ಹೊತ್ತಿಗೆಯಲ್ಲಿಯೇ ಉಳಿಯುತ್ತದೆ. ಅದು ಬೇರೆ ಮಾತು. ಆದರೆ ನ್ಯೂಯಾರ್ಕಿನ ಗುಂಡು ಒಂದು ಕುರ್ಚಿಯನ್ನು ಏಳು ವಾರ ಖಾಲಿ ಇಟ್ಟಿತು. ರಾಣಿಬೆನ್ನೂರಿನ ಅಂಚೆಪೆಟ್ಟಿಗೆ ಒಂದು ಕಾನೂನನ್ನೇ ತಂದಿತು.

ಇದು ಇಲ್ಲಿಗೆ ಹೊಸದೂ ಅಲ್ಲ. ಶಿಕಾರಿಪುರ ದಾಟಿದರೆ ಸಾಗರ ಸೀಮೆ. ಅಲ್ಲಿಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದದ್ದು ಕೊಳಗದ ಅಳತೆಯ ಮೋಸಕ್ಕೆ. ಅವರನ್ನು ಕೂಡಿಸಿದ ಗಣಪತಿಯಪ್ಪನವರೂ ಸಾಲಿ ಮಾಸ್ತರರೇ. ಒಡೆಯನ ತಲೆ ಬೇಕೆಂದು ಅವರು ಕೇಳಲಿಲ್ಲ, ಕೊಳಗ ಸರಿ ಮಾಡೆಂದರು. ಹೊಲಕ್ಕೆ ಇಳಿದು ತಂಡ ತಂಡವಾಗಿ ಸೆರೆಯಾದರು. ಲೋಹಿಯಾರವರೂ ಬಂದು ಸೆರೆಯಾದರು. ಉಳುವವನಿಗೆ ಹೊಲ ಎಂಬ ಕಾನೂನು ಗಟ್ಟಿಯಾಗಲಿಕ್ಕೆ 1974ರ ವರೆಗೆ ಹಿಡಿಯಿತು. ತಡವಾಯಿತೆಂಬದು ನಿಜ. ಆದರೆ ಬಂದ ಹೊಲವು ಮಕ್ಕಳ ಹೆಸರಿಗೆ ಬಂತು.

ಈಗ ಕೆಲಸದ ಮಾತು. 2022ರಲ್ಲಿ ರಿಜರ್ವ್ ಬ್ಯಾಂಕು ಹೊರಡಿಸಿದ ನಿಯಮದಂತೆ ಮೈಕ್ರೋ ಫೈನಾನ್ಸಿನವರು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡಬೇಕು. ಮುಂಜಾನೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡಕೂಡದು. ಮನೆಯ ಎಲ್ಲ ಸಾಲಗಳ ಕಂತು ಕೂಡಿ ಮನೆಯ ತಿಂಗಳ ಆದಾಯದ ಅರ್ಧ ಮೀರಕೂಡದು. ನಿಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದು ನಡೆದಿದೆ? ಬರುವ ಸಂತೆಯ ದಿನ ಮಧ್ಯಾಹ್ನ ಇದೇ ಜಾಗದಲ್ಲಿ ನಾವು ಐದು ಜನ ಕುಳಿತಿರುತ್ತೇವೆ. ಸಾಲದ ಕಾರ್ಡು, ಕಂತಿನ ಪುಸ್ತಕ, ಸಂಘದ ಹೆಣ್ಣುಮಕ್ಕಳ ಯಾದಿ, ಎಲ್ಲ ತನ್ನಿರಿ. ರಾತ್ರಿ ಬಂದವರು ಯಾರು, ಎಷ್ಟು ಗಂಟೆಗೆ ಬಂದರು ಎಂಬದನ್ನು ಬರೆಯಿಸಿರಿ. ಫೋನನ್ನೂ ತನ್ನಿರಿ, ಬೈದ ಕರೆಗಳ ತಾರೀಖು ಅದರಲ್ಲಿಯೇ ಇರುತ್ತದೆ. ಎಲ್ಲವನ್ನೂ ಕೂಡಿಸಿ ಹಿರೇಕೆರೂರು ತಹಸೀಲ್ದಾರರ ಕಚೇರಿಗೆ ಒಟ್ಟಿಗೆ ನಡೆದು ಹೋಗಿ ಕೊಡುವದೆಂದು ಮಾಡಿದ್ದೇವೆ. ಓದಲಿಕ್ಕೆ ಬಾರದ ತಾಯಂದಿರು ಸಂಕೋಚಪಡಬೇಡಿರಿ, ಬರೆಯುವ ಕೆಲಸ ನನ್ನದು.