ಗೇರ್‌ಬಾಕ್ಸ್ ಬಿಚ್ಚುವ ಮುನ್ನ: ಯಂತ್ರಗಳ ವೇಗ ಸೆನ್ಸರ್ ದೋಷವನ್ನು ಗುರುತಿಸುವ ಕ್ರಮ

(ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕೆರೆಯ ಹೂಳು ಸಾಗಿಸುವುದು, ರಸ್ತೆಗೆ ಗ್ರಾವೆಲ್ ಹರಡಿ ಸಮತಟ್ಟು ಮಾಡುವುದು ಮೊದಲಾದ ಕೆಲಸಗಳಿಗೆ ನಾವು ಲೋಡರ್, ಗ್ರೇಡರ್, ರೋಲರ್‌ಗಳನ್ನು ಗಂಟೆಯ ಬಾಡಿಗೆಗೆ ಪಡೆಯುತ್ತೇವೆ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಕೂಲಿಕಾರರ ಕೆಲಸವನ್ನು ಕಸಿಯುವ ಯಂತ್ರಗಳಿಗೆ ಅವಕಾಶವಿಲ್ಲವೆಂಬುದು ತಮಗೆಲ್ಲ ತಿಳಿದ ಸಂಗತಿ. ಇಂದು ನಾನು ಹೇಳುವುದು ಇತರ ಅನುದಾನಗಳಲ್ಲಿ ನಿಯಮಾನುಸಾರ ಯಂತ್ರ ಬಳಸುವ ಕಾಮಗಾರಿಗಳಿಗೆ ಮಾತ್ರ ಅನ್ವಯಿಸುತ್ತದೆ.

ಕೆಲಸದ ನಡುವೆ ಯಂತ್ರವು ಒಂದೇ ಗೇರಿನಲ್ಲಿ ಸಿಕ್ಕಿಕೊಂಡರೆ "ಗೇರ್‌ಬಾಕ್ಸ್ ಹೋಗಿದೆ" ಎಂಬ ಮಾತೇ ಮೊದಲು ಕೇಳಿಬರುತ್ತದೆ. ಅದು ನಿಜವಿರಬಹುದು. ಆದರೆ ಗೇರ್‌ಬಾಕ್ಸಿನ ಹೊರಮೈಯಲ್ಲಿ ಕೂರಿಸಿರುವ ಹೆಬ್ಬೆರಳು ಗಾತ್ರದ ವೇಗ ಸೆನ್ಸರ್ ಅಥವಾ ಅದರ ವೈರ್ ಕೆಟ್ಟಿದ್ದರೂ ಇದೇ ಲಕ್ಷಣ ಕಾಣುತ್ತದೆ. ಎರಡಕ್ಕೂ ತಗಲುವ ಹಣ ಮತ್ತು ದಿನಗಳಲ್ಲಿ ಅಜಗಜಾಂತರ. ಆದ್ದರಿಂದ ಅಳತೆ ಮಾಡಿದ ದಾಖಲೆಯಿಲ್ಲದೆ ಗೇರ್‌ಬಾಕ್ಸ್ ಬಿಚ್ಚಲು ಒಪ್ಪಬಾರದು, ದೋಷವಿಟ್ಟುಕೊಂಡೇ ಯಂತ್ರ ಓಡಿಸಲೂ ಬಿಡಬಾರದು. ಇದಿಷ್ಟೇ ನನ್ನ ಮಾತಿನ ಸಾರ.

ಸೆನ್ಸರ್ ಮಾಡುವ ಕೆಲಸ

ಗೇರ್‌ಬಾಕ್ಸಿನೊಳಗೆ ತಿರುಗುವ ಹಲ್ಲಿನ ಚಕ್ರದ ಎದುರು ಸೆನ್ಸರಿನ ತುದಿ ಸ್ವಲ್ಪವೇ ಅಂತರದಲ್ಲಿರುತ್ತದೆ. ಪ್ರತಿಯೊಂದು ಹಲ್ಲು ದಾಟಿದಾಗಲೂ ಒಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. 60 ಹಲ್ಲಿನ ಚಕ್ರವು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 1500 ಮಿಡಿತಗಳು. ಕಂಟ್ರೋಲರ್ ಇವುಗಳನ್ನು ಎಣಿಸಿ, ಒಳಬರುವ ಶಾಫ್ಟ್ ಮತ್ತು ಹೊರಹೋಗುವ ಶಾಫ್ಟ್‌ಗಳ ವೇಗವನ್ನು ಹೋಲಿಸಿ, ಯಾವ ಗೇರ್ ಹಿಡಿಯಬೇಕು, ಕ್ಲಚ್ ಜಾರುತ್ತಿದೆಯೇ ಎಂಬುದನ್ನು ನಿರ್ಧರಿಸುತ್ತದೆ. ಎಣಿಕೆ ತಪ್ಪಿದರೆ ಅನೇಕ ಯಂತ್ರಗಳು ರಕ್ಷಣೆಗಾಗಿ ಕೆಳಗಿನ ಒಂದು ಗೇರಿನಲ್ಲೇ ಉಳಿಯುತ್ತವೆ.

ಸೆನ್ಸರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎರಡು ವೈರಿನದು ಅಯಸ್ಕಾಂತ ಮತ್ತು ಸುರುಳಿಯಿಂದಾದುದು. ಇದಕ್ಕೆ ಹೊರಗಿನಿಂದ ವಿದ್ಯುತ್ ಬೇಕಿಲ್ಲ. ಸಾಮಾನ್ಯವಾಗಿ ಮೂರು ವೈರಿನದು ಹಾಲ್ ಸೆನ್ಸರ್; ಅದಕ್ಕೆ ವಿದ್ಯುತ್ ಪೂರೈಕೆ, ಅರ್ತ್ ಮತ್ತು ಸಂಕೇತದ ವೈರ್‌ಗಳಿರುತ್ತವೆ.

ಒಂದು ಎಚ್ಚರಿಕೆ. ಈ ಸೆನ್ಸರ್ ಎಲ್ಲ ಯಂತ್ರಗಳಲ್ಲೂ ಇರುವುದಿಲ್ಲ. ಚೈನಿನ ಮೇಲೆ ನಡೆಯುವ ಎಕ್ಸ್‌ಕವೇಟರ್ ಹೈಡ್ರಾಲಿಕ್ ಮೋಟಾರುಗಳಿಂದ ಚಲಿಸುತ್ತದೆ. ಲೋಡರಿನಲ್ಲಿರುವಂತಹ ಗೇರ್‌ಬಾಕ್ಸ್ ಅದಕ್ಕಿಲ್ಲ. ಕೈಯಿಂದಲೇ ಗೇರ್ ಹಾಕುವ ಹಳೆಯ ಯಂತ್ರಗಳಲ್ಲಿಯೂ ಇದು ಇಲ್ಲದಿರಬಹುದು. ಆದ್ದರಿಂದ ಯಂತ್ರದ ಮಾದರಿಯನ್ನು ಮೊದಲು ಬರೆದುಕೊಳ್ಳಬೇಕು.

ಪರೀಕ್ಷೆಯ ಕ್ರಮ

ಪರೀಕ್ಷೆಯನ್ನು ತಂತ್ರಜ್ಞರೇ ಮಾಡಬೇಕು. ಕ್ರಮ ತಿಳಿದಿದ್ದರೆ ನಾವು ಸರಿಯಾದ ಪ್ರಶ್ನೆ ಕೇಳಬಹುದು.

ಮೊದಲನೆಯದಾಗಿ, ಚಾಲಕರನ್ನು ವಿಚಾರಿಸುವುದು. ಯಂತ್ರ ಚಲಿಸುತ್ತಿದ್ದರೂ ವೇಗದ ಮುಳ್ಳು ಸೊನ್ನೆಗೆ ಬೀಳುತ್ತದೆಯೇ? ಹಳ್ಳದಲ್ಲಿ ಕುಲುಕಿದಾಗ ಅಥವಾ ಬಿಸಿಯೇರಿದಾಗ ಮಾತ್ರ ದೋಷ ಕಾಣುತ್ತದೆಯೇ? ಹೌದೆಂದರೆ ಸೆನ್ಸರ್ ಅಥವಾ ವೈರಿನ ಮೇಲೆ ಅನುಮಾನ. ಸುಟ್ಟ ವಾಸನೆಯ ಎಣ್ಣೆ, ಎಣ್ಣೆ ಮಟ್ಟದ ಕುಸಿತ, ಕರಕರ ಶಬ್ದ ಇದ್ದರೆ ಗೇರ್‌ಬಾಕ್ಸಿನ ಮೇಲೆಯೇ ಅನುಮಾನ.

ಎರಡನೆಯದಾಗಿ, ದೋಷ ಸಂಕೇತವನ್ನು ಓದುವುದು. ಜೆ 1939 ಪದ್ಧತಿಯ ಯಂತ್ರಗಳಲ್ಲಿ ಎಸ್‌ಪಿಎನ್ 161 ಎಂದರೆ ಒಳಬರುವ ಶಾಫ್ಟಿನ ವೇಗ. 191 ಎಂದರೆ ಹೊರಹೋಗುವ ಶಾಫ್ಟಿನ ವೇಗ. ಅದರ ಜೊತೆಗೆ ಬರುವ ಎಫ್‌ಎಂಐ 5 ಸಾಮಾನ್ಯವಾಗಿ ತುಂಡಾದ ವೈರನ್ನೂ, 2 ಅಸ್ಥಿರ ಸಂಕೇತವನ್ನೂ, 8 ಮಿಡಿತಗಳ ಅಸಹಜತೆಯನ್ನೂ ಸೂಚಿಸುತ್ತದೆ. ಕೆಲವು ತಯಾರಕರು ತಮ್ಮದೇ ಸಂಖ್ಯೆಗಳನ್ನು ಬಳಸುತ್ತಾರೆ. ಸಂಕೇತವು ಯಾವ ಮಾರ್ಗದಲ್ಲಿ ದೋಷವಿದೆಯೆಂದು ಹೇಳುತ್ತದೆಯೇ ಹೊರತು ಯಾವ ಬಿಡಿಭಾಗ ಬದಲಿಸಬೇಕೆಂದು ಹೇಳುವುದಿಲ್ಲ.

ಮೂರನೆಯದಾಗಿ, ಕಣ್ಣಾರೆ ನೋಡುವುದು. ಯಂತ್ರವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಕೆಟ್ ನೆಲಕ್ಕಿಳಿಸಿ, ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಬೀಗದ ಕೈ ತೆಗೆದ ನಂತರವೇ ಕೆಳಗೆ ಇಳಿಯಬೇಕು. ಕನೆಕ್ಟರಿನಲ್ಲಿ ಕೆಸರು, ನೀರು, ತುಕ್ಕು, ಬಾಗಿದ ಪಿನ್, ಇಲಿ ಕಡಿದ ವೈರ್ ಇವೆಯೇ ಎಂದು ಪರಿಶೀಲಿಸಬೇಕು. ಕೆರೆಯ ಗೋಡಿನಲ್ಲಿ ದುಡಿದ ಯಂತ್ರವನ್ನು ರಭಸದ ನೀರಿನಲ್ಲಿ ತೊಳೆದ ಬಳಿಕ ದೋಷ ಕಾಣಿಸಿಕೊಂಡಿದ್ದರೆ ಇಲ್ಲಿಯೇ ಹೆಚ್ಚು ಗಮನ ಕೊಡಬೇಕು.

ನಾಲ್ಕನೆಯದಾಗಿ, ಮಲ್ಟಿಮೀಟರಿನಿಂದ ಅಳೆಯುವುದು. ಎರಡು ವೈರಿನ ಸೆನ್ಸರಿನ ರೋಧವನ್ನು ಓಮ್‌ಗಳಲ್ಲಿ ಅಳೆದು ತಯಾರಕರ ಕೈಪಿಡಿಯೊಡನೆ ಹೋಲಿಸಬೇಕು. ಮೀಟರ್ ಅನಂತ ರೋಧ ತೋರಿದರೆ ಸುರುಳಿ ತುಂಡಾಗಿದೆ. ಹಾಲ್ ಸೆನ್ಸರಿಗೆ ಈ ಪರೀಕ್ಷೆ ಸಲ್ಲದು; ಅಲ್ಲಿ ಪೂರೈಕೆಯ ವೋಲ್ಟ್, ಅರ್ತ್ ಮತ್ತು ಸಂಕೇತಗಳನ್ನು ನೋಡಬೇಕು. ಸೆನ್ಸರಿನಿಂದ ಕಂಟ್ರೋಲರ್‌ವರೆಗಿನ ವೈರನ್ನೂ ಅಳೆಯಬೇಕು. ಹೊಸ ಸೆನ್ಸರ್ ಹಾಕಿದರೂ ಅದೇ ಸಂಕೇತ ಮರಳಿದರೆ ಕಾರಣ ಹೆಚ್ಚಾಗಿ ವೈರಿನಲ್ಲಿರುತ್ತದೆ.

ಐದನೆಯದಾಗಿ, ಸೆನ್ಸರನ್ನು ಬಿಚ್ಚಿ ತುದಿಯನ್ನು ನೋಡುವುದು. ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಲೋಹದ ಪುಡಿ ಅಂಟಿದ್ದರೆ ಒರೆಸಿ, ಕೈಪಿಡಿ ಹೇಳುವ ಅಂತರದಲ್ಲಿ ಮರಳಿ ಕೂರಿಸಬಹುದು. ಲೋಹದ ಚೂರುಗಳು ಸಿಕ್ಕರೆ ವಿಷಯ ಬೇರೆ. ಆಗ ಒಳಗೆ ಹಲ್ಲು ಅಥವಾ ಬೇರಿಂಗ್ ಮುರಿಯುತ್ತಿರಬಹುದು. ಯಂತ್ರವನ್ನು ಅಲ್ಲಿಯೇ ನಿಲ್ಲಿಸಿ ಗೇರ್‌ಬಾಕ್ಸ್ ತೆರೆಯುವುದೇ ಸರಿ.

ಪಂಚಾಯಿತಿಗೆ ಇದರಿಂದೇನು?

ಬಾಡಿಗೆ ಯಂತ್ರದ ದುರಸ್ತಿ ಮಾಲೀಕರ ಹೊಣೆ, ನಮಗೇಕೆ ಈ ಚಿಂತೆ ಎಂದು ತಾವು ಕೇಳಬಹುದು. ಅವರ್ ಮೀಟರ್ ಎಂಜಿನ್ ಓಡಿದ ಕಾಲವನ್ನು ಎಣಿಸುತ್ತದೆ. ಆದ ಕೆಲಸವನ್ನು ಎಣಿಸುವುದಿಲ್ಲ. 400 ಮೀಟರ್ ದೂರವನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಕ್ರಮಿಸಲು 96 ಸೆಕೆಂಡ್ ಸಾಕು. ಕೆಳಗಿನ ಗೇರಿನಲ್ಲಿ ಸಿಕ್ಕಿಕೊಂಡು 5 ಕಿ.ಮೀ. ವೇಗದಲ್ಲಿ ತೆವಳಿದರೆ 288 ಸೆಕೆಂಡ್ ಬೇಕು. ದೂರ ಅದೇ, ಮಣ್ಣು ಅದೇ. ಆದರೆ ಸಾಗಾಟದ ಆ ಭಾಗಕ್ಕೆ ಮೂರು ಪಟ್ಟು ಬಾಡಿಗೆ. ಈ ವ್ಯರ್ಥ ಗಂಟೆಗಳಿಗೆ ಹಣ ಕೊಡುವುದು ಜನರ ತೆರಿಗೆಯಿಂದ. ಮುಂಗಾರು ಬರುವ ಮುನ್ನ ಕೆಲಸ ಮುಗಿಯದೆ ಹೋದರೆ ಆ ವರ್ಷದ ನೀರೂ ಕೈತಪ್ಪುತ್ತದೆ.

ಇದಕ್ಕಿಂತ ದೊಡ್ಡ ಸಂಗತಿ ಜೀವದ ಸುರಕ್ಷತೆ. ವೇಗ ಹೆಚ್ಚಿರುವಾಗ ಹಿಂದಿನ ಗೇರ್ ಬೀಳದಂತೆ, ತೀರಾ ಕೆಳಗಿನ ಗೇರಿಗೆ ಇಳಿಯದಂತೆ ಅನೇಕ ಯಂತ್ರಗಳಲ್ಲಿ ತಡೆ ಇರುತ್ತದೆ; ಆ ತಡೆ ಸೆನ್ಸರಿನ ಸಂಕೇತವನ್ನೇ ನಂಬಿದೆ. ಹೇಗಾದರೂ ದಿನ ದೂಡೋಣವೆಂದು ಸೆನ್ಸರಿನ ವೈರನ್ನು ಬೇರೆಡೆ ಜೋಡಿಸಿ ಕೆರೆಯ ಏರಿಯ ಮೇಲೆ ಯಂತ್ರ ಓಡಿಸಲು ಯಾರೂ ಅನುಮತಿ ಕೊಡಬಾರದು.

ಆದಕಾರಣ ಕಾರ್ಯಾದೇಶದಲ್ಲಿ ಈ ಷರತ್ತುಗಳನ್ನು ಸೇರಿಸುವಂತೆ ಸಭೆಯಲ್ಲಿ ನಿರ್ಣಯ ಕೈಗೊಳ್ಳಬಹುದು:

1. ಪ್ರತಿದಿನ ಅವರ್ ಮೀಟರಿನ ಆರಂಭ ಮತ್ತು ಅಂತ್ಯದ ಅಂಕಿಗಳನ್ನೂ ಸಾಗಿಸಿದ ಲೋಡುಗಳ ಸಂಖ್ಯೆಯನ್ನೂ ಲಾಗ್ ಪುಸ್ತಕದಲ್ಲಿ ಬರೆಯತಕ್ಕದ್ದು.
2. ದೋಷದಿಂದ ನಿಂತ ಹಾಗೂ ಪರೀಕ್ಷೆ ನಡೆದ ಅವಧಿಗೆ ಬಾಡಿಗೆ ಸಲ್ಲದು.
3. ಗೇರ್ ಬದಲಾಗದ ಯಂತ್ರವನ್ನು ಅಂದೇ ನಿಲ್ಲಿಸಿ, ಸರಿಪಡಿಸುವುದು ಅಥವಾ ಬದಲಿ ಯಂತ್ರ ಒದಗಿಸುವುದು ಮಾಲೀಕರ ಹೊಣೆ.
4. ಯಂತ್ರ ಪಂಚಾಯಿತಿಯ ಸ್ವತ್ತಾಗಿದ್ದರೆ, ದೋಷ ಸಂಕೇತ, ಅಳತೆಯ ಅಂಕಿಗಳು ಮತ್ತು ತೆಗೆದ ಹಳೆಯ ಬಿಡಿಭಾಗವಿಲ್ಲದೆ ದುರಸ್ತಿ ಬಿಲ್ಲನ್ನು ಪರಿಗಣಿಸತಕ್ಕದ್ದಲ್ಲ.

ಅಳತೆ ಮಾಡುವವರನ್ನು ಎಲ್ಲಿಂದ ತರುವುದೆಂಬ ಚಿಂತೆ ನಮ್ಮ ಭಾಗಕ್ಕೆ ಇರಬಾರದು. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದವು. ಆದರೆ ಯಂತ್ರವಿದ್ಯೆ ಇಲ್ಲಿಂದ ಹೋಗಲಿಲ್ಲ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆಯ ಕೆ.ಜಿ.ಎಫ್. ಘಟಕದಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳು ತಯಾರಾಗುತ್ತವೆ. ಅಲ್ಲಿ ದುಡಿದು ನಿವೃತ್ತರಾದವರು, ಐ.ಟಿ.ಐ. ಕಲಿತ ಯುವಕರು ನಮ್ಮ ಊರುಗಳಲ್ಲಿಯೇ ಇದ್ದಾರೆ. ಅನುಮಾನ ಬಂದಾಗ ಅಂತಹ ಒಬ್ಬರನ್ನು ಕರೆಸಿ, ಮೀಟರಿನ ಅಂಕಿಯನ್ನು ತಮ್ಮೆದುರಿನಲ್ಲೇ ಬರೆಸಿಕೊಳ್ಳಿ. ಆ ಒಂದು ಸಾಲಿನ ದಾಖಲೆ ಮುಂದೆ ಲೆಕ್ಕಪರಿಶೋಧನೆಯಲ್ಲಿಯೂ ಗ್ರಾಮಸಭೆಯಲ್ಲಿಯೂ ತಮ್ಮ ಪರವಾಗಿ ನಿಲ್ಲುತ್ತದೆ.